ರಾಜತಾಂತ್ರಿಕರ ಮೇಲೆ ಸಂಚು: ಕೇಸು ಯಾರ ಕೈಗೆ?

ಪ್ರಶ್ನೆ: ಬೇಕಲ ಕೋಟೆ ನೋಡಲು ವಿದೇಶಿ ರಾಯಭಾರ ಕಚೇರಿಯವರು ಬಂದಾಗ ಅವರ ಮೇಲೆ ಹೊರದೇಶದವರ ಸಂಚಿದೆ ಎಂಬ ಸುಳಿವು ಸಿಕ್ಕರೆ ಯಾರಿಗೆ ತಿಳಿಸಬೇಕು? ಎನ್‌ಐಎಗೆ (ರಾಷ್ಟ್ರೀಯ ತನಿಖಾ ಸಂಸ್ಥೆ) ಎಂದು ಕೆಲವರು, ಐಬಿಗೆ (ಕೇಂದ್ರದ ಗುಪ್ತಚರ ದಳ) ಎಂದು ಕೆಲವರು ಹೇಳುತ್ತಾರೆ.
– ಓದುಗರು, ಮಂಜೇಶ್ವರ

ಉತ್ತರ: ಮೊದಲು ಹೋಗಬೇಕಾದ್ದು ಠಾಣೆಗೆ. ತುರ್ತಾದರೆ 112ಕ್ಕೆ ಕರೆ ಮಾಡಿ.

ದೇಶಗಳ ರಾಜತಾಂತ್ರಿಕ ಸಂಬಂಧ ಕುರಿತ 1961ರ ವಿಯೆನ್ನಾ ಒಪ್ಪಂದದ 29ನೇ ವಿಧಿಯಂತೆ ರಾಜತಾಂತ್ರಿಕರ ಮೇಲಿನ ದಾಳಿ ತಡೆಯುವುದು ಆತಿಥೇಯ ದೇಶದ ಹೊಣೆ. ಮಾತು ಕೊಟ್ಟದ್ದು ದೆಹಲಿಯ ಕೇಂದ್ರ ಸರಕಾರ, ಬೇಕಲದಲ್ಲಿ ಕಾವಲು ನಿಲ್ಲುವವರು ಕೇರಳ ಪೊಲೀಸರು. ದೇಶದೊಳಗಿನ ಬೇಹು ಐಬಿಯದ್ದು, ಹೊರಗಿನದ್ದು ರಾ ಸಂಸ್ಥೆಯದ್ದು. ಇಬ್ಬರಿಗೂ ಬಂಧಿಸುವ ಅಧಿಕಾರವಿಲ್ಲ. ಮಾಹಿತಿ ಎಷ್ಟೇ ಗಟ್ಟಿಯಿದ್ದರೂ ಕೊನೆಗೆ ಪೊಲೀಸರಿಗೇ ದಾಟಿಸಬೇಕು. ಎಡವಟ್ಟಾಗುವುದು ಹೆಚ್ಚಾಗಿ ಈ ದಾಟುವಿಕೆಯಲ್ಲೇ.

ಎನ್‌ಐಎ ಬರುವ ದಾರಿ ಬೇರೆ. ಎನ್‌ಐಎ ಕಾಯ್ದೆಯ ಪಟ್ಟಿಯಲ್ಲಿರುವ, ಯುಎಪಿಎ (ಭಯೋತ್ಪಾದನೆ ತಡೆ ಕಾನೂನು) ಅಡಿಯದಂಥ ಅಪರಾಧದ ಎಫ್‌ಐಆರ್ ಆದರೆ ಠಾಣಾಧಿಕಾರಿ ಕೂಡಲೇ ರಾಜ್ಯ ಸರಕಾರಕ್ಕೆ ವರದಿ ಕಳಿಸಬೇಕು, ರಾಜ್ಯ ಅದನ್ನು ಕೇಂದ್ರಕ್ಕೆ. ವರದಿ ಕೈಸೇರಿದ 15 ದಿನದೊಳಗೆ ಕೇಸನ್ನು ಎನ್‌ಐಎಗೆ ಕೊಡಬೇಕೇ ಎಂದು ಕೇಂದ್ರ ತೀರ್ಮಾನಿಸುತ್ತದೆ. ಬೇಕೆನಿಸಿದರೆ ತಾನಾಗಿಯೂ ವಹಿಸಬಹುದು. ಅಲ್ಲಿಯವರೆಗೆ ಠಾಣೆಯ ತನಿಖೆ ನಿಲ್ಲುವಂತಿಲ್ಲ. ‘ಎನ್‌ಐಎ ಬರುತ್ತದಲ್ಲ’ ಎಂದು ಕಾದರೆ ಸಿಸಿಟಿವಿ ದೃಶ್ಯ ಅಳಿಸಿಹೋಗಿರುತ್ತದೆ. 2012ರಲ್ಲಿ ದೆಹಲಿಯಲ್ಲಿ ಇಸ್ರೇಲಿ ರಾಯಭಾರ ಕಚೇರಿಯ ಕಾರಿಗೆ ಅಂಟುಬಾಂಬ್ ಇಟ್ಟ ಪ್ರಕರಣವನ್ನು ತನಿಖೆ ಮಾಡಿದ್ದು ದೆಹಲಿ ಪೊಲೀಸರ ವಿಶೇಷ ಘಟಕ. 2021ರಲ್ಲಿ ಅದೇ ಕಚೇರಿ ಬಳಿಯ ಸ್ಫೋಟ ಎನ್‌ಐಎಗೆ ಹೋಯಿತು.

ಸಂಚಿನ ಹಿಂದೆ ಇನ್ನೊಂದು ದೇಶದ ಸರಕಾರವೇ ಇದ್ದರೆ ಅದರ ರಾಯಭಾರಿಯನ್ನು ಕರೆಸಿ ಕೇಳುವುದು ವಿದೇಶಾಂಗ ಸಚಿವಾಲಯ. ಶಂಕಿತನೇ ರಾಜತಾಂತ್ರಿಕನಾದರೆ ಪೊಲೀಸರು ಬಂಧಿಸುವಂತಿಲ್ಲ. ವಿಯೆನ್ನಾ ಒಪ್ಪಂದದ 9ನೇ ವಿಧಿಯಡಿ ಕೇಂದ್ರವು ಅವನು ಬೇಡವಾದವನೆಂದು ಘೋಷಿಸಿ ದೇಶ ಬಿಡಿಸಬಹುದು. ರಾಜ್ಯಕ್ಕೆ ಇಲ್ಲಿ ಪಾತ್ರವೇ ಇಲ್ಲ.

ಇನ್ನು ನಿಮ್ಮ ಪಾಲಿನದ್ದು. ಮೊಬೈಲಿಗೆ ಬಂದ ಸಂದೇಶವನ್ನು ಅಳಿಸಬೇಡಿ, ಗುಂಪುಗಳಿಗೆ ಹಂಚಲೂಬೇಡಿ: ಸಂಚುಕೋರ ಎಚ್ಚರಾಗುತ್ತಾನೆ. ಫೋನನ್ನೇ ಠಾಣೆಗೆ ಒಯ್ಯಿರಿ. ಕನ್ನಡದಲ್ಲೇ ಬರೆದುಕೊಡಿ, ಬಾಯಲ್ಲಿ ಹೇಳಿದ್ದನ್ನು ಮಲಯಾಳದಲ್ಲಿ ಬರೆದುಕೊಂಡರೆ ಓದಿಸಿ, ಅರ್ಥ ಕೇಳಿಕೊಂಡೇ ಸಹಿ ಹಾಕಿ. ತಲಪಾಡಿ ಗಡಿಯ ಆಚೆ ಕರ್ನಾಟಕದಲ್ಲಿ ಇದ್ದೀರಾದರೆ ಉಳ್ಳಾಲ ಠಾಣೆಯಲ್ಲೂ ದೂರು ಕೊಡಬಹುದು, ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ನೇ ಕಲಮಿನಂತೆ ಗಡಿ ಅಡ್ಡಿಯಲ್ಲ. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಅದೇ ವಿವರವನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ.