ಹೆಲ್ಮೆಟ್ಟಿನೊಳಗಿನ ಬ್ಲೂಟೂತ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹೆಲ್ಮೆಟ್ಟಿಗೆ ಬ್ಲೂಟೂತ್ ಹೆಡ್‌ಸೆಟ್ ಹಾಕಿಕೊಂಡಿದ್ದೇನೆ. ಗಾಡಿ ನಿಂತಿದ್ದಾಗ ಚೆನ್ನಾಗಿ ಕೇಳುತ್ತದೆ. ವೇಗ 60 ದಾಟಿತೆಂದರೆ ವಾಲ್ಯೂಮ್ ಪೂರ್ತಿ ಏರಿಸಿದರೂ ಮಾತು ತಿಳಿಯುವುದಿಲ್ಲ. ಇನ್ನೂ ದುಬಾರಿಯದು ಕೊಳ್ಳಬೇಕೇ?

ಉತ್ತರ: ಸದ್ಯಕ್ಕೆ ಬೇಡ. ಸ್ಪೀಕರ್ ಎಲ್ಲಿ ಕೂತಿದೆ ಎಂದು ಮೊದಲು ನೋಡಿ. ಸುಮಾರು 40 ಮಿ.ಮೀ. ಅಗಲದ ಆ ಬಿಲ್ಲೆ ಕಿವಿಯ ತೂತಿನ ನೇರಕ್ಕೇ ಇರಬೇಕು. ಒಂದು ಸೆಂಟಿಮೀಟರ್ ಆಚೀಚೆಯಾದರೂ ಮೊದಲು ಕಳೆದುಹೋಗುವುದು ಸ, ಶ, ತ, ಕಗಳ ಚೂಪು ದನಿ. ಮಾತು ಬಿಡಿಬಿಡಿಯಾಗಿ ತಿಳಿಯುವುದು ಅದರಿಂದಲೇ. ಹೆಲ್ಮೆಟ್ಟಿನಲ್ಲಿ ಸ್ಪೀಕರಿಗೆಂದು ಬಿಟ್ಟ ಗುಳಿ ಎಲ್ಲರ ಕಿವಿಗೂ ಸರಿಹೊಂದುವುದಿಲ್ಲ, ಹಾಗಾಗಿ ಅದನ್ನೇ ನಂಬಬೇಡಿ.

ಹೆಲ್ಮೆಟ್ ಹಾಕಿ, ಹಾಡು ಹಚ್ಚಿ, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸಿ. ಮುಂದಕ್ಕೆ ಸರಿಸಿದಾಗ ದನಿ ತೆರೆದುಕೊಂಡರೆ ಸ್ಪೀಕರನ್ನೂ ಮುಂದಕ್ಕೆ ಅಂಟಿಸಬೇಕು. ಎಡ ಬಲ ಬೇರೆ ಬೇರೆಯಾಗಿ ನೋಡಿ. ಕಿವಿಗೂ ಸ್ಪೀಕರಿಗೂ ನಡುವೆ ಸಂದಿ ಉಳಿದರೆ ಡಬ್ಬಿಯಲ್ಲಿ ಬಂದ ಸ್ಪಂಜ್ ಬಿಲ್ಲೆಯನ್ನು ಸ್ಪೀಕರಿನ ಹಿಂದೆ ಇಡಿ. ಕಿವಿಗೆ ತಾಗಿದರೆ ಸಾಕು. ಒತ್ತಿದರೆ ಅರ್ಧ ಗಂಟೆಯಲ್ಲಿ ಕಿವಿ ನೋಯುತ್ತದೆ. ಜಾಗ ಸಾಲದೆಂದು ಒಳಗಿನ ಥರ್ಮೋಕೋಲನ್ನು ಮಾತ್ರ ಕೆತ್ತಬೇಡಿ. ಬಿದ್ದಾಗ ತಾನು ನಜ್ಜುಗುಜ್ಜಾಗಿ ತಲೆಗೆ ಬೀಳುವ ಪೆಟ್ಟನ್ನು ತಡೆಯುವುದು ಅದೇ. ತೆಳು ಸ್ಪೀಕರ್ ಹುಡುಕಿ.

ಇಷ್ಟಾದ ಮೇಲೂ ಉಳಿಯುವುದು ಗಾಳಿಯ ಸದ್ದು. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಅದು 90 ಡೆಸಿಬೆಲ್ ದಾಟುತ್ತದೆ, 100ರ ಆಸುಪಾಸಿಗೂ ಹೋಗುತ್ತದೆ. 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ ಎಂದಿಟ್ಟುಕೊಂಡರೆ, 3 ಡೆಸಿಬೆಲ್ ಏರಿದ ಹಾಗೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ; 100ಕ್ಕೆ ಸಿಗುವುದು ಕಾಲು ಗಂಟೆ. ಅದರ ಮೇಲೆ ಹಾಡನ್ನೂ ಏರಿಸಿದರೆ ಕಿವಿಗೆ ಎರಡು ಪೆಟ್ಟು. ಇದಕ್ಕೆ ಮದ್ದು ಫೋಮ್ ಇಯರ್‌ಪ್ಲಗ್. ವಿಚಿತ್ರ ಅನ್ನಿಸಬಹುದು, ಆದರೆ ಗಾಳಿಯೂ ಸ್ಪೀಕರೂ ಒಟ್ಟಿಗೆ ತಗ್ಗಿದಾಗ ಕಿವಿಗೆ ಮಾತು ಹೆಕ್ಕಿಕೊಳ್ಳುವುದು ಸುಲಭವಾಗುತ್ತದೆ. ಪ್ಲಗ್ಗನ್ನು ಬೆರಳಲ್ಲಿ ಕಡ್ಡಿಯಂತೆ ಹೊಸೆಯಿರಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ತೂರಿಸಿ, ಅದು ಉಬ್ಬುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಗಾಡಿ ಓಡಿಸುವಾಗ ಕಿವಿಗೆ ಏನು ಹಾಕಬಹುದು ಎಂಬ ಕಾನೂನು ಒಂದೊಂದು ಕಡೆ ಒಂದೊಂದು ಥರ. ನಿಮ್ಮಲ್ಲಿ ಹೇಗಿದೆ ನೋಡಿಕೊಳ್ಳಿ.

ಪ್ರಶ್ನೆ: ನನಗೆ ಚೆನ್ನಾಗಿ ಕೇಳುತ್ತದೆ, ಆದರೆ ಅತ್ತ ಕಡೆಯವರಿಗೆ ಬರೀ ಗಾಳಿಯ ಸದ್ದಂತೆ. ಏನು ಮಾಡಲಿ?

ಉತ್ತರ: ಮೈಕಿನ ಮೇಲೆ ಸ್ಪಂಜ್ ಟೋಪಿ ಇದೆಯೇ? ಕಳೆದುಹೋಗುವುದರಲ್ಲಿ ಅದಕ್ಕೇ ಮೊದಲ ಸ್ಥಾನ. ಅದು ಇದ್ದರೂ ಕಡ್ಡಿ ಮೈಕಿನ ಮುಖ ತಿರುಗಿರಬಹುದು. ಒಂದು ಬದಿಗೆ ಗುರುತಿರುತ್ತದೆ, ಆ ಬದಿ ತುಟಿಗೆ ಎದುರಾಗಿ, ತಾಗಿಯೂ ತಾಗದಂತಿರಲಿ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟಾದರೆ ಗುಂಡಿಯಂಥ ವೈರ್ ಮೈಕನ್ನು ಗದ್ದದ ಪಟ್ಟಿಯ ಒಳಮೈಗೆ, ಬಾಯಿಯ ನೇರಕ್ಕೆ ಅಂಟಿಸಿ. ಬಾಯಿಯ ಎದುರಿನ ಗಾಳಿಕಿಂಡಿಯನ್ನು ಮಾತಾಡುವಾಗ ಮುಚ್ಚಿ. ತೆರೆದ ಮುಖದ ಹೆಲ್ಮೆಟ್ಟಿನಲ್ಲಿ ಎಷ್ಟು ಒದ್ದಾಡಿದರೂ ಸುಧಾರಣೆಗೆ ಮಿತಿ ಇದ್ದೇ ಇದೆ.

ಪ್ರಶ್ನೆ: ಸೆಟ್ಟನ್ನು ಹೆಲ್ಮೆಟ್ಟಿನ ಅಂಚಿಗೆ ಕಚ್ಚಿ ಹಿಡಿಸುವ ಕ್ಲ್ಯಾಂಪ್ ಕೂರಲಿಲ್ಲ, ಅಂಟಿನ ಪ್ಯಾಡ್ ಹಾಕಿದೆ. ಎರಡೇ ದಿನಕ್ಕೆ ಕಿತ್ತುಬಂತು.

ಉತ್ತರ: ಮೇಣದ ಪಾಲಿಶ್ ಅಥವಾ ಕೈಯ ಜಿಡ್ಡು ಇದ್ದಿರಬೇಕು. ಐಸೊಪ್ರೊಪಿಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿಸಿ, ಹೊಸ ಪ್ಯಾಡ್ ಅಂಟಿಸಿ ಅರ್ಧ ನಿಮಿಷ ಬಲವಾಗಿ ಒತ್ತಿ. ಒಂದು ದಿನ ಅದರ ಮೇಲೆ ಭಾರ ಬೇಡ. ಅಂಟು ಪೂರ್ತಿ ಹಿಡಿಯಲು ಸುಮಾರು 72 ಗಂಟೆ ಬೇಕು. ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ, ಪಾಲಿಕಾರ್ಬೊನೇಟ್ ಚಿಪ್ಪು ಬಿರಿಯುತ್ತದೆ. ಸ್ಕ್ರೂಗೆ ತೂತು ಕೊರೆಯುವ ಯೋಚನೆಯೂ ಬೇಡ.

ಪ್ರಶ್ನೆ: ಹಾಡು ಚೆನ್ನಾಗಿ ಬರುತ್ತಿರುತ್ತದೆ, ಇದ್ದಕ್ಕಿದ್ದಂತೆ ಡಬ್ಬದೊಳಗಿಂದ ಬಂದಂತಾಗುತ್ತದೆ. ಸೆಟ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಬ್ಲೂಟೂತಿನಲ್ಲಿ ಹಾಡಿಗೆ ಒಂದು ದಾರಿ, ಕರೆಗೆ ಇನ್ನೊಂದು. ಹಾಡಿನದು ಸ್ಟೀರಿಯೊ; ಕರೆಯದು ಮೈಕನ್ನೂ ಜೊತೆಗೆ ಹೊರಬೇಕಾದ ಇಕ್ಕಟ್ಟಿನ ಮೊನೊ, ಅಂದರೆ ಎರಡೂ ಕಿವಿಗೆ ಒಂದೇ ದನಿ. ಫೋನಿನಲ್ಲಿ ಯಾವುದಾದರೂ ಆ್ಯಪ್ ಹೆಡ್‌ಸೆಟ್ಟಿನ ಮೈಕ್ ತೆರೆದ ಕೂಡಲೇ ಎಲ್ಲವೂ ಕರೆಯ ದಾರಿಗೆ ಜಾರುತ್ತದೆ. ಧ್ವನಿ ಸಹಾಯಕ ಆ್ಯಪಿನ ಮೈಕ್ ಅನುಮತಿ ತೆಗೆದು ನೋಡಿ. ಬೇರೆ ಕಂಪನಿಯ ಸೆಟ್ ಇರುವ ಗೆಳೆಯನ ಜೊತೆ ಇಂಟರ್‌ಕಾಮ್ (ಸವಾರರು ಸೆಟ್ಟಿನಿಂದ ಸೆಟ್ಟಿಗೆ ನೇರವಾಗಿ ಮಾತಾಡುವ ವ್ಯವಸ್ಥೆ) ಪೇರ್ ಮಾಡಿದ್ದರೂ ಹೀಗಾಗಬಹುದು, ಏಕೆಂದರೆ ಅಲ್ಲಿ ನಿಮ್ಮ ಸೆಟ್ ಆ ಗೆಳೆಯನ ಸೆಟ್ಟನ್ನು ಒಂದು ಫೋನೆಂದೇ ತಿಳಿದಿರುತ್ತದೆ. ಮಾತು ಮುಗಿದ ಮೇಲೆ ಇಂಟರ್‌ಕಾಮ್ ಕಡಿದರೆ ಹಾಡು ಮೊದಲಿನಂತಾಗುತ್ತದೆ.