ಓಕುಳಿ ಕೆಂಪೇರದಿದ್ದರೆ

ಪ್ರಶ್ನೆ: ಹೋಳಿ ಹಬ್ಬಕ್ಕೆ ಅಂಗಡಿ ಬಣ್ಣ ಬೇಡವೆಂದು ಅರಿಸಿನ, ಸುಣ್ಣ ಕದಡಿ ಒಂದು ಡ್ರಮ್ ಓಕುಳಿ ಮಾಡಿದೆವು. ರಾತ್ರಿ ಕೆಂಪಗಿದ್ದದ್ದು ಬೆಳಿಗ್ಗೆ ಮಂಕಾಗಿತ್ತು. ಮತ್ತಷ್ಟು ಸುಣ್ಣ ಹಾಕಿದೆವು. ಮಕ್ಕಳಿಗೆಲ್ಲ ಮೈ ಉರಿ. ತಪ್ಪಿದ್ದೆಲ್ಲಿ?
– ಓದುಗರು, ದಾವಣಗೆರೆ

ಉತ್ತರ: ರಾತ್ರಿಯೇ ಬೆರೆಸಿದ್ದು ಮೊದಲ ತಪ್ಪು. ಅರಿಸಿನದಲ್ಲಿರುವ ಕರ್ಕ್ಯುಮಿನ್ ಸುಣ್ಣದ ಕ್ಷಾರ ತಾಗಿದೊಡನೆ ಕೆಂಪೇರುತ್ತದೆ, ಅದೇ ಕ್ಷಾರದಲ್ಲಿ ಹೆಚ್ಚು ಹೊತ್ತು ಇದ್ದರೆ ಒಡೆದು ಮಂಕಾಗುತ್ತದೆ. ಆರತಿ ತಟ್ಟೆಯ ಓಕುಳಿಯನ್ನು ಯಾರಾದರೂ ಹಿಂದಿನ ದಿನವೇ ಕದಡಿಡುತ್ತಾರೆಯೇ? ಮಂಕಾದ ನೀರಿಗೆ ಮತ್ತೆ ಸುಣ್ಣ ಸುರಿದದ್ದು ಎರಡನೆಯ ತಪ್ಪು. ಹೋದ ಬಣ್ಣ ಮರಳದು, ಉರಿ ಮಾತ್ರ ಹೆಚ್ಚುತ್ತದೆ.

10 ಲೀಟರ್ ನೀರಿಗೆ 4 ಚಮಚ ಅರಿಸಿನ ಸಾಕು. ಪುಡಿ ನೀರಿನಲ್ಲಿ ಕರಗುವಂಥದ್ದಲ್ಲ. ಹಾಗೇ ಉದುರಿಸಿದರೆ ಗಂಟುಗಟ್ಟಿ ತಳ ಸೇರುತ್ತದೆ. ಒಂದು ಲೋಟ ಬಿಸಿನೀರಿನಲ್ಲಿ ಕಲಸಿ, ತೆಳು ಬಟ್ಟೆಯಲ್ಲಿ ಸೋಸಿ ಬೆರೆಸಿ. ಬೇರೆ ಪಾತ್ರೆಯಲ್ಲಿ ಅರ್ಧ ಲೀಟರ್ ನೀರಿಗೆ ಎಲೆಗೆ ಹಚ್ಚುವ ಸುಣ್ಣ ಒಂದು ಚಮಚ ಹಾಕಿ ಕದಡಿ ಒಂದು ಗಂಟೆ ಅಲುಗಿಸದೆ ಬಿಡಿ. ಬಿಳಿ ಗಷ್ಟು ತಳಕ್ಕಿಳಿದ ಮೇಲಿನ ತಿಳಿ ಮಾತ್ರ ನಿಮಗೆ ಬೇಕು. ಆಟಕ್ಕೆ ಹೊರಡುವ ಹೊತ್ತಿಗೆ ಅದನ್ನು ಸೌಟಿನಲ್ಲಿ ಸ್ವಲ್ಪಸ್ವಲ್ಪವೇ ಹುಯ್ಯಿರಿ. ಬಿದ್ದ ಜಾಗದಲ್ಲಿ ಕೆಂಪು ಎಳೆ ಬಿಟ್ಟುಕೊಳ್ಳುತ್ತದೆ, ಕೈಯಾಡಿಸಿದರೆ ಮಾಯವಾಗುತ್ತದೆ. ಆ ಕೆಂಪು ಮಾಯವಾಗದೆ ನಿಂತಾಗ ನಿಲ್ಲಿಸಿ. ಕುಂಕುಮದ ಕೆಂಪೇ ಬೇಕೆಂಬ ಹಟ ಬೇಡ, ಅದು ಆರತಿ ತಟ್ಟೆಗೆ ಸರಿ, ಮೈಗಲ್ಲ.

ಬೋರ್‌ವೆಲ್ಲಿನ ಗಡಸು ನೀರಾದರೆ ಸುಣ್ಣ ಒಂದಿಷ್ಟು ಅದಕ್ಕೇ ಖರ್ಚಾಗಿ ನೀರು ಕಲಕಲಾಗುತ್ತದೆ, ಕೆಂಪು ಬೇಗ ಬಾರದು. ಡಬ್ಬಿಯಲ್ಲಿ ಒಣಗಿ ಗಟ್ಟಿಯಾದ ಹಳೆಯ ಸುಣ್ಣವೂ ಕೆಲಸಕ್ಕೆ ಬಾರದು, ಗಾಳಿ ಕುಡಿದು ಬರೀ ಸೀಮೆಸುಣ್ಣದಂತಾಗಿರುತ್ತದೆ.

ಸುಣ್ಣದ ನೀರು ಕಣ್ಣಿಗೆ ಬಿದ್ದರೆ ಉಜ್ಜಲೇಬಾರದು. 20 ನಿಮಿಷ ಶುದ್ಧ ನೀರು ಹಾಯಿಸಿ, ಕೂಡಲೇ ವೈದ್ಯರಲ್ಲಿಗೆ ಹೋಗಿ. ಚಿಕ್ಕ ಮಕ್ಕಳಿಗೆ ಸುಣ್ಣದ ಓಕುಳಿಯೇ ಬೇಡ. ಹೇಗೂ ಮುತ್ತುಗ ಹೂ ಬಿಡುವ ಕಾಲ. ಕಪ್ಪು ತೊಟ್ಟು ಬಿಡಿಸಿ, ಎರಡು ಹಿಡಿ ಒಣ ಹೂವನ್ನು 2 ಲೀಟರ್ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ಬಿಟ್ಟು ಸೋಸಿದರೆ ಒಳ್ಳೆಯ ಕೇಸರಿ ಬಣ್ಣ. ಇದನ್ನು ಹಿಂದಿನ ದಿನವೇ ಮಾಡಿಡಬಹುದು.

ಪ್ರಶ್ನೆ: ಉತ್ತರ ಭಾರತದಲ್ಲಿ ಹೋಲಿಕಾಳನ್ನು ಸುಡುತ್ತಾರೆ, ನಮ್ಮಲ್ಲಿ ಕಾಮಣ್ಣನನ್ನು. ಹಬ್ಬ ಒಂದೇ ಅಲ್ಲವೇ?
– ಓದುಗರು, ಮೈಸೂರು

ಉತ್ತರ: ದಿನ ಒಂದೇ, ಫಾಲ್ಗುಣ ಹುಣ್ಣಿಮೆ. ಕಥೆ ಬೇರೆ. ಅಲ್ಲಿ ಪ್ರಹ್ಲಾದನನ್ನು ಮಡಿಲಲ್ಲಿಟ್ಟುಕೊಂಡು ಬೆಂಕಿಯಲ್ಲಿ ಕೂತ ಹೋಲಿಕಾ ತಾನೇ ಸುಟ್ಟುಹೋಗುತ್ತಾಳೆ. ಇಲ್ಲಿ ತಾರಕಾಸುರನ ವಧೆಗೆ ಶಿವನ ಮಗನೇ ಬೇಕೆಂದು ದೇವತೆಗಳು ತಪಸ್ಸು ಕೆಡಿಸಲು ಮನ್ಮಥನನ್ನು ಕಳಿಸಿ, ಅವನು ಮೂರನೆಯ ಕಣ್ಣಿಗೆ ಬೂದಿಯಾಗುತ್ತಾನೆ. ಕಾಮ ಖಳನಲ್ಲ, ಕೊಟ್ಟ ಕೆಲಸ ಮಾಡಲು ಹೋಗಿ ಸತ್ತವನು. ಉತ್ತರ ಕರ್ನಾಟಕದಲ್ಲಿ ಹಲಗಿಯ ಸದ್ದಿನ ನಡುವೆ ಬಾಯಿ ಬಡಿದುಕೊಳ್ಳುವ ರೂಢಿ ಬಂದದ್ದೂ ಆ ಸಾವಿಗೇ. ಬಣ್ಣದಾಟ ಎಲ್ಲೆಡೆ ಮರುದಿನವೇ ಇರುವುದಿಲ್ಲ. ಹುಬ್ಬಳ್ಳಿಯಲ್ಲಿ ಅದು ರಂಗಪಂಚಮಿಗೆ.

ಪ್ರಶ್ನೆ: ಬಟ್ಟೆಯ ಮೇಲಿನ ಅರಿಸಿನದ ಕಲೆ ಸೋಪು ಹಚ್ಚಿದೊಡನೆ ಕೆಂಪಾಯಿತು. ಹೋಗುತ್ತದೆಯೇ?
– ಓದುಗರು, ಪುಣೆ

ಉತ್ತರ: ಹೆದರಬೇಡಿ, ಸೋಪೂ ಕ್ಷಾರವೇ. ಜಾಲಾಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಒದ್ದೆ ಬಟ್ಟೆಯನ್ನೇ ಸುಡುಬಿಸಿಲಿಗೆ ಹರವಿ. ಅರಿಸಿನ ಬಿಸಿಲು ತಡೆಯದು.