ಹಳೆ ಡೆಸ್ಕ್‌ಟಾಪ್‌ಗೆ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಬಹುದಾ? ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) 450 ವ್ಯಾಟ್, ಊರು ಕಲಬುರಗಿ
ಹಾಕ್ರಿ, ಆದರೆ ಮೊದಲು ಎಸ್‌ಎಂಪಿಎಸ್ ಬದಲಿಸಿ. ಈ ಕಾರ್ಡ್ ಒಂದೇ 170 ವ್ಯಾಟ್ ಎಳೆಯುತ್ತದೆ. ಎನ್‌ವಿಡಿಯಾ ಕಂಪನಿಯೇ 550 ವ್ಯಾಟ್ ಬೇಕು ಅನ್ನುತ್ತದೆ. ಮದರ್‌ಬೋರ್ಡಿನ ಸ್ಲಾಟ್ ಕೊಡುವುದು 75 ವ್ಯಾಟ್ ಮಾತ್ರ, ಉಳಿದದ್ದು ಎಸ್‌ಎಂಪಿಎಸ್‌ನ 8 ಪಿನ್ ಕೇಬಲ್‌ನಿಂದಲೇ ಬರಬೇಕು. ಆ ಕೇಬಲ್ ಇಲ್ಲದಿದ್ದರೆ ಬೇರೆ ಕೇಬಲ್ಲಿಗೆ ಕನ್ವರ್ಟರ್ ಹಾಕಿ ನಡೆಸೋಣ ಅಂತ ಯಾರಾದರೂ ಹೇಳಿಯಾರು, ದಯವಿಟ್ಟು ಒಪ್ಪಬೇಡಿ. ನನ್ನ ಹಳೆ ಕಾರ್ಡಿನಲ್ಲಿ ಅಂಥ ಕನ್ವರ್ಟರಿನ ಪ್ಲಾಸ್ಟಿಕ್ ಕಂದುಗಟ್ಟಿ ಪಿನ್ನಿಗೆ ಅಂಟಿಕೊಂಡಿತ್ತು, ಸುಟ್ಟ ವಾಸನೆ ಬಂದ ಮೇಲೇ ಗೊತ್ತಾಗಿದ್ದು.

ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ನಿಮಗೇ ಗೊತ್ತು. ಕ್ಯಾಬಿನೆಟ್ಟಿಗೆ ಮುಂದೊಂದು, ಹಿಂದೊಂದು ಫ್ಯಾನ್ ಬೇಕೇ ಬೇಕು. ಕಾರ್ಡಿನ ಉದ್ದ ಒಳಗೆ ಹಿಡಿಯುತ್ತದಾ ಅಂತಲೂ ಟೇಪ್ ಹಿಡಿದು ಅಳೆಯಿರಿ.

ಎಸ್‌ಎಂಪಿಎಸ್ ಖರ್ಚು ಬೇಡವೆಂದರೆ ಪವರ್ ಕೇಬಲ್ ಕೇಳದ ಮಾದರಿಯ ಜಿಟಿಎಕ್ಸ್ 1650 ನೋಡಿ. ಅದಕ್ಕೆ 75 ವ್ಯಾಟ್ ಸಾಕು.